ಹೊನ್ನೆಕಟ್ಟೆಯ ಬೋಣಿ

೧೯೩೮ ಜನವರಿ ೧೭, ಸೋಮವಾರ

ಸೋಮವಾರ ನಮ್ಮವರು ಎತ್ತಿನ ಹೆಗಲಿಗೆ ನೊಗ ಹಾಕುವುದಿಲ್ಲ. ಆದ್ದರಿಂದ ಗಾಡಿಗಳಿಲ್ಲ, ಆದ್ದರಿಂದ ನನಗೆ ವ್ಯಾಪಾರವಿಲ್ಲ. ಗಾಡಿಗಳ ಬದಲು ಓವರ್‌ಸಿಯರ್ ಮಂಜಯ್ಯ ಬಂದರು. ನಮ್ಮ ಏರುದಾರಿಯಲ್ಲಿ ಅರ್ಧಕ್ಕೇ ಇಳಿದು, ಸೈಕಲ್ಲು ತಳ್ಳಿಕೊಂಡು, ಬಾಯಲ್ಲಿ ಉಸಿರಾಡುತ್ತ ಅಂಗಡಿಯ ಮುಂದೆ ನಿಂತರು.

ಶೃಂಗೇರಿಯಿಂದ ಕೊಪ್ಪದ ಮೇಲೆ ನರಸಿಂಹರಾಜಪುರದ ರೈಲಿಗೆ ಮೋಟಾರು ಬಸ್ಸು ಓಡಿಸುತ್ತಾರಂತೆ. ಹೊನ್ನೆಕಟ್ಟೆಯ ಏರನ್ನು ಬಸ್ಸು ಹತ್ತಲಾರದಂತೆ. ಅದಕ್ಕೆ ಏರನ್ನೇ ಕಡಿದು ತೆಗೆಯುತ್ತಾರಂತೆ.

"ಎಷ್ಟು ಕಡೀತೀರಿ?" ಎಂದು ಕೇಳಿದೆ.

"ಒಂದಾಳು ಮಟ್ಟ."

"ಅಂಗಡಿ?"

"ಅಂಗಡಿ ಎಲ್ಲಿಗೆ ಹೋಗ್ತದೆ ಮಾರಾಯ್ರೆ? ಇದ್ದಲ್ಲೇ ಇರ್ತದೆ. ರಸ್ತೆ ಕೆಳಗೆ ಹೋಗ್ತದೆ, ಅಷ್ಟೆ."

ಸರ್ಕಾರದವರು "ಅಷ್ಟೆ" ಎಂದಾಗಲೆಲ್ಲ ನಾನು ಗಲ್ಲಾ ಎಣಿಸಿ ನೋಡುತ್ತೇನೆ. ಎದುರಂಗಡಿಗೂ ಹೋಗಿ ಇದನ್ನೇ ಹೇಳಿದರು. ಅಲ್ಲಿ ಏನು ಉತ್ತರ ಬಂತೋ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾನು ಪ್ರಯತ್ನ ಪಟ್ಟಿದ್ದೆ ಎಂಬುದು ನಿಜ.

ಎದುರಂಗಡಿ ಎಂದರೆ ನನ್ನ ಅಣ್ಣ ಜಯದೇವಪ್ಪನ ಹೆಂಡತಿ ವೀರಬಸಮ್ಮನ ಅಂಗಡಿ. ಅಣ್ಣ ತೀರಿಕೊಂಡ ಮೇಲೆ ಅವರೇ ನಡೆಸುತ್ತಾರೆ. ಪಾಲಾಗಿ ಒಂಬತ್ತು ವರ್ಷ, ಮಾತು ಬಿಟ್ಟೂ ಅಷ್ಟೇ. ಜಗಳ ಬಂದದ್ದು ಬೋಣಿಯಿಂದ. ದಿನದ ಮೊದಲ ವ್ಯಾಪಾರ ಕೈಮೇಲೆ ಕಾಸಿಟ್ಟೇ ಆಗಬೇಕು. ಅದಾಗುವ ತನಕ ಕಡ ಕೊಡಬಾರದು, ಊಟ ಮಾಡಬಾರದು. ಇದು ನಮ್ಮಪ್ಪ ಹಾಕಿದ ಕಟ್ಟು. ಅಣ್ಣ ಒಂದು ಬೆಳಿಗ್ಗೆ ಬೋಣಿಗೆ ಮುಂಚೆಯೇ ಯಾರೋ ಗಾಡಿಯವನಿಗೆ ಒಂದು ಬೆಂಕಿಪೆಟ್ಟಿಗೆ ಕಡ ಕೊಟ್ಟ. ನಾನು ನಾಲ್ಕು ಜನರೆದುರು ಕೇಳಿದೆ. ಆ ವರ್ಷವೇ ಪಾಲಾಯಿತು. ಅಪ್ಪನ ತಕ್ಕಡಿ ನನ್ನ ಪಾಲಿಗೆ ಬಂತು, ತೂಕದ ಕಲ್ಲುಗಳು ಅಣ್ಣನ ಪಾಲಿಗೆ ಹೋದವು. ನಾನು ಹೊಸ ಕಲ್ಲು ಕೊಂಡೆ, ಅವನು ಹೊಸ ತಕ್ಕಡಿ ಕೊಂಡ. ತಪ್ಪು ಅಣ್ಣನದು. ಈಗಲೂ ಹಾಗೆಯೇ ಹೇಳುತ್ತೇನೆ.

ಬೋಣಿ: ಓವರ್‌ಸಿಯರ್ ಮಂಜಯ್ಯ, ಸೈಕಲ್ಲಿನ ಸರಪಣಿಗೆ ಕೀಲೆಣ್ಣೆ. ಬಿಟ್ಟಿ ಕೇಳಿದರು. ಬೋಣಿ ಆಗಿಲ್ಲ ಎಂದೆ. ಕಾಸು ಕೊಟ್ಟರು.

ಫೆಬ್ರವರಿ ೯, ಬುಧವಾರ

ಅಗೆತ ಶುರುವಾಯಿತು. ಗುದ್ದಲಿಯವರು ಇಪ್ಪತ್ತು ಮಂದಿ, ಮಣ್ಣು ಹೊರುವವರು ಅಷ್ಟೇ ಹೆಂಗಸರು. ಮೇಸ್ತ್ರಿ ಬೈಯುತ್ತಾನೆ, ಅವರು ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಾರೆ. ಹೊನ್ನೆಮರವನ್ನು ಮಾತ್ರ ಉಳಿಸುತ್ತಾರಂತೆ. ಅದರ ಕಟ್ಟೆಯನ್ನು ಉಳಿಸುವುದಿಲ್ಲ.

ಹೆಂಗಸರಲ್ಲಿ ಸುಬ್ಬಿ ಎಂಬವಳ ಬಾಯಿ ದೊಡ್ಡದು. ಬುಟ್ಟಿ ಇಳಿಸಿ ನನ್ನ ಜಗಲಿಯ ಕೆಳಗೆ ನಿಂತು, "ಸಾವ್ಕಾರ್ರೆ, ನಾಳೆಯಿಂದ ನಿಮ್ಮಂಗಡಿಗೆ ಏಣಿ ಹಾಕ್ಬೇಕು," ಎಂದಳು. ಎದುರಂಗಡಿಯವರು ನಕ್ಕದ್ದು ಕೇಳಿಸಿತು.

ಬೋಣಿ: ಬಾಳೆಹೊನ್ನೂರಿನ ಗಾಡಿಯವನು, ಎರಡು ಮಿಣಿ ಹಗ್ಗ.

ಫೆಬ್ರವರಿ ೨೪, ಗುರುವಾರ

ಗಾಡಿಗಳನ್ನು ಗದ್ದೆಯ ಅಂಚಿನ ಕೆಳದಾರಿಗೆ ತಿರುಗಿಸಿದ್ದಾರೆ. ಕೊರಳಗಂಟೆಯ ಸದ್ದು ಕೇಳುತ್ತದೆ, ಗಾಡಿ ಕಾಣುವುದಿಲ್ಲ. ನನ್ನ ಅಂಗಡಿಯಲ್ಲಿ ಇರುವುದೆಲ್ಲ ಗಾಡಿಯವರಿಗೆ ಬೇಕಾದದ್ದು: ಕೀಲೆಣ್ಣೆ, ಹಗ್ಗ, ಲಾಳ, ಹೊಗೆಸೊಪ್ಪು, ಅವಲಕ್ಕಿ, ಬೆಲ್ಲ. ಅವರಿಗೆ ಬೇಡವೆಂದಲ್ಲ. ಎತ್ತು ಬಿಚ್ಚಿ, ಗದ್ದೆ ದಾಟಿ, ದಿಬ್ಬ ಹತ್ತಿ ಬರುವಷ್ಟು ಬೇಕಾಗಿಲ್ಲ. ಎದುರಂಗಡಿಯ ಸ್ಥಿತಿಯೂ ಇದೇ. ಅದರಿಂದ ಸಮಾಧಾನವಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ.

ಬೋಣಿ: ಹನ್ನೊಂದು ಗಂಟೆಗೆ, ಮೇಸ್ತ್ರಿ, ಹೊಗೆಸೊಪ್ಪು.

ಮಾರ್ಚ್ ೧೧, ಶುಕ್ರವಾರ

ಇದನ್ನು ವಿವರವಾಗಿ ಬರೆಯಬೇಕು.

ಲಿಂಗಪೂಜೆ ಮುಗಿಸಿ ಎಂದಿನಂತೆ ಬಾಗಿಲು ತೆಗೆದೆ. ಮಧ್ಯಾಹ್ನವಾಯಿತು, ಯಾರೂ ಬರಲಿಲ್ಲ. ಮೇಸ್ತ್ರಿ ಕೊಪ್ಪಕ್ಕೆ ಹೋಗಿದ್ದ. ಆಳುಗಳಿಗೆ ವಾರದ ಬಟವಾಡೆ ಆಗಿರಲಿಲ್ಲ. ಒಲೆಯ ಮೇಲೆ ಅನ್ನ ಆರುತ್ತಿತ್ತು, ನಾನು ಜಗಲಿಯಲ್ಲಿ ಕೂತಿದ್ದೆ. ಹೆಂಡತಿ ಇದ್ದಾಗ ಬೇಗ ಬೋಣಿಯಾಗಲಿ ಎಂದು ದೇವರಿಗೆ ಹೂವೇರಿಸುತ್ತಿದ್ದಳು. ಈಗ ಹೂವು ಏರಿಸುವವರೂ ಇಲ್ಲ.

ರಸ್ತೆ ಅಗೆದ ಕಂದಕದ ಆಚೆ ಎದುರಂಗಡಿಯವರೂ ಕೂತಿದ್ದರು. ಅವರೂ ಉಂಡಿರಲಿಲ್ಲ. ಹೇಗೆ ಗೊತ್ತಾಯಿತೆಂದರೆ, ಉಂಡ ಮೇಲೆ ಎಲೆಯಡಿಕೆ ಹಾಕಿಕೊಳ್ಳುವುದು ಅವರ ಅಭ್ಯಾಸ, ಇಂದು ತಟ್ಟೆ ಹೊರಗೆ ಬಂದಿರಲಿಲ್ಲ. ಪಾಲಾದರೂ ಅಪ್ಪನ ಕಟ್ಟನ್ನು ಅವರು ಬಿಟ್ಟಿಲ್ಲ. ಇದು ನನಗೆ ಗೊತ್ತಿರಲಿಲ್ಲ.

ಮೂರು ಗಂಟೆಯಾಯಿತು. ಎದುರಂಗಡಿಯವರು ಎದ್ದು ನಿಂತು, ನನ್ನತ್ತ ನೋಡದೆ, ಕಂದಕದಲ್ಲಿದ್ದ ಸುಬ್ಬಿಯನ್ನು ಕೂಗಿದರು.

"ಸುಬ್ಬೀ, ಆಚೆ ಅಂಗಡೀಲಿ ಒಂದು ಬೆಂಕಿಪೆಟ್ಟಿಗೆ ತಗಂಡು ಬಾ." ಸೆರಗಿನ ಗಂಟು ಬಿಚ್ಚಿ ಒಂದು ಕಾಲಾಣೆ ಕೆಳಗೆ ಹಾಕಿದರು. ಗಲ್ಲಾಪೆಟ್ಟಿಗೆ ಮುಟ್ಟಲಿಲ್ಲ. ಬೋಣಿಗೆ ಮುಂಚೆ ಗಲ್ಲಾದಿಂದ ಕಾಸು ಹೊರಗೆ ಹೋಗುವಂತಿಲ್ಲವಷ್ಟೆ.

"ನಿಮ್ಮಂಗಡೀಲೇ ಬೆಂಕಿಪೆಟ್ಟಿಗೆ ರಾಶಿ ಬಿದ್ದೈತಲ್ಲಮ್ಮಾರೆ!" ಎಂದಳು ಸುಬ್ಬಿ.

"ಹೇಳಿದಷ್ಟು ಮಾಡು."

ಸುಬ್ಬಿ ಕಾಸು ತಂದು ನನ್ನ ಅಂಗೈ ಮೇಲೆ ಇಟ್ಟಳು. ಅಂಚಿನಲ್ಲಿ ಸುತ್ತಿಗೆ ಏಟು ಬಿದ್ದ ಹಳೆಯ ಕಾಲಾಣೆ. ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದೆ, ಬೆಂಕಿಪೆಟ್ಟಿಗೆ ಕೊಟ್ಟೆ. ಅವಳು ಅರ್ಧ ಇಳಿದಿದ್ದಳು. ಏನನ್ನಿಸಿತೋ, ಕರೆದು, ಅದೇ ಕಾಸನ್ನು ಮತ್ತೆ ತೆಗೆದು ಅವಳ ಕೈಗೆ ಕೊಟ್ಟೆ. "ಆಚೆ ಅಂಗಡೀಲಿ ಒಂದು ಬೆಂಕಿಪೆಟ್ಟಿಗೆ," ಎಂದೆ.

ಸುಬ್ಬಿ ನನ್ನನ್ನು ನೋಡಿದಳು, ಎದುರಂಗಡಿಯವರನ್ನು ನೋಡಿದಳು. "ನಿಮ್ಮಿಬ್ರಿಗೂ ಬಿಸಿಲು ನೆತ್ತಿಗೇರೈತೆ," ಎಂದು ಎರಡೂ ಕಡೆಯಿಂದ ಎಲೆಯಡಿಕೆ ವಸೂಲಿ ಮಾಡಿಕೊಂಡು ಹೋದಳು.

ಆಮೇಲೆ ಊಟ ಮಾಡಿದೆ. ಅನ್ನ ತಣ್ಣಗಾಗಿತ್ತು, ರುಚಿಯಾಗಿತ್ತು.

ಬೋಣಿ: ಎದುರಂಗಡಿಯವರು.

ಮಾರ್ಚ್ ೧೨, ಶನಿವಾರ

ಬೋಣಿ: ಎದುರಂಗಡಿಯವರು. ಇಂದು ಹತ್ತು ಗಂಟೆಗೇ. ಮೂರರವರೆಗೆ ಕಾಯುವುದು ಅನಾವಶ್ಯಕ ಎಂದು ಅವರಿಗೂ ತೋರಿರಬೇಕು.

ಏಪ್ರಿಲ್ ೫, ಮಂಗಳವಾರ

ತರೀಕೆರೆಯಿಂದ ಸೋಮಶೇಖರಪ್ಪನ ಕಾಗದ ಬಂತು. ಅವನು ನನ್ನ ಹೆಂಡತಿಯ ತಮ್ಮ, ಅಡಿಕೆ ಮಂಡಿ ಇಟ್ಟಿದ್ದಾನೆ. "ಭಾವ, ಆ ದಿಬ್ಬದ ಮೇಲೆ ಕೂತು ಯಾರ ದಾರಿ ನೋಡುತ್ತೀರಿ? ದೀಪಾವಳಿಗೆ ಅಂಗಡಿ ಮುಚ್ಚಿ ಇಲ್ಲಿಗೆ ಬನ್ನಿ, ಗುಮಾಸ್ತಿಕೆ ಇದೆ," ಎಂದು ಬರೆದಿದ್ದಾನೆ. ಒಳ್ಳೆಯ ಮನುಷ್ಯ. ಮಂಡಿಯಲ್ಲಿ ತನ್ನದೇ ಒಂದು ಫೋಟೋ ಹಾಕಿಸಿಕೊಂಡು ಅದಕ್ಕೆ ತಾನೇ ದಿನಾ ಹಾರ ಹಾಕಿಸುತ್ತಾನೆ. ಅದರ ಕೆಳಗೆ ನಾನು ಕೂತು ಬರೆಯಬೇಕು. ಅಂಗಡಿಯ ಸರಕು ಹೆಚ್ಚೆಂದರೆ ದೀಪಾವಳಿಯ ತನಕ ಬರುತ್ತದೆ. ಮತ್ತೆ ತುಂಬಿಸಲು ನನ್ನಲ್ಲಿ ಏನೂ ಇಲ್ಲ. ಯೋಚನೆ ಮಾಡುತ್ತೇನೆ ಎಂದು ಉತ್ತರ ಬರೆದೆ.

ಇನ್ನೊಂದು ವಿಷಯ. ಇಂದು ಎದುರಂಗಡಿಯಿಂದ ಬಂದ ಬೆಂಕಿಪೆಟ್ಟಿಗೆಯ ಮೇಲೆ ನನ್ನದೇ ಪೆನ್ಸಿಲಿನ ಗೀಟು ಇತ್ತು. ಎಂದರೆ ನಾನು ಮಾರಿದ್ದನ್ನೇ ಅವರು ನನಗೆ ಮಾರಿದ್ದಾರೆ. ಎಷ್ಟು ದಿನದಿಂದ ಹೀಗೆ ನಡೆದಿದೆಯೋ ಗೊತ್ತಿಲ್ಲ. ಪೆಟ್ಟಿಗೆಯ ಚೀಟಿ ಮಾಸಿದೆ. ಕೇಳೋಣವೆಂದರೆ ಮಾತಿಲ್ಲ. ನಾಳೆ ನಾನೂ ಅದನ್ನೇ ಕೊಡುತ್ತೇನೆ. ಹೊಸದನ್ನು ಹಾಳು ಮಾಡುವುದೇಕೆ?

ಬೋಣಿ: ಎದುರಂಗಡಿಯವರು.

ಜೂನ್ ೧೪, ಮಂಗಳವಾರ

ಮಳೆ ಹಿಡಿಯಿತು. ಆಳುಗಳೆಲ್ಲ ನಿನ್ನೆಯೇ ಹೋದರು, ಸುಬ್ಬಿಯೂ ಹೋದಳು. ದಸರೆಯ ಹೊತ್ತಿಗೆ ಬಂದು ಉಳಿದ ಕೆಲಸ ಮುಗಿಸುತ್ತಾರಂತೆ. ಕಂದಕದಲ್ಲಿ ಮೊಣಕಾಲುದ್ದ ನೀರು.

ಬೆಳಿಗ್ಗೆ ಬಾಗಿಲು ತೆಗೆದು ಇಬ್ಬರೂ ಎದುರುಬದುರು ನಿಂತೆವು. ಕಾಸು ದಾಟಿಸುವವರಿಲ್ಲ. ಎಸೆದರೆ ಕೆಸರಿಗೆ ಬೀಳುತ್ತದೆ. ಎದುರಂಗಡಿಯವರು ಒಳಗೆ ಹೋಗಿ ಅಡಿಕೆ ಕೊನೆ ಇಳಿಸುವ ದೋಟಿಯನ್ನು ತಂದರು. ಅದು ಅಣ್ಣನದು. ಉದ್ದದ ಬಿದಿರು, ತುದಿಗೆ ಕತ್ತಿಯ ಬದಲು ಬಟ್ಟೆಯ ಚೀಲ ಕಟ್ಟಿದ್ದರು. ರಾತ್ರಿಯೇ ಕಟ್ಟಿಟ್ಟಿರಬೇಕು. ಕಂದಕದ ಮೇಲಿಂದ ಚಾಚಿದರು. ಬಿದಿರು ತೂಗಾಡಿ ಮೊದಲು ನನ್ನ ಮೂಗಿಗೆ ಬಡಿಯಿತು, ಆಮೇಲೆ ಕೈಗೆ ಸಿಕ್ಕಿತು.

ಬೆಂಕಿಪೆಟ್ಟಿಗೆ ಒದ್ದೆಯಾಯಿತು. ಇನ್ನು ಅದು ಹತ್ತುವುದಿಲ್ಲ. ಅದನ್ನು ಗೀರುವ ಉದ್ದೇಶ ಇಬ್ಬರಿಗೂ ಇಲ್ಲದ್ದರಿಂದ ನಷ್ಟವೇನಿಲ್ಲ.

ಬೋಣಿ: ವೀರಬಸಮ್ಮನವರು, ದೋಟಿಯ ಮೂಲಕ.

ಜುಲೈ ೨೦, ಬುಧವಾರ

ನನ್ನ ಜಗಲಿ ಕಂದಕಕ್ಕೆ ಜಾರಿತು. ಮುಂಜಾವಿನಲ್ಲಿ, ಸದ್ದಿಲ್ಲದೆ. ಈಗ ಬಾಗಿಲು ತೆಗೆದರೆ ಮುಂದಿನ ಹೆಜ್ಜೆ ನೀರಿಗೆ. ಹಿಂದಿನ ಬಾಗಿಲಿಂದ ಸುತ್ತಿ ಬಂದು ಬೋಣಿ ಮಾಡಿದೆ.

ಬೋಣಿ: ವೀರಬಸಮ್ಮನವರು. "ಪೆಟ್ಟಾಯ್ತಾ?" ಎಂದು ಕೇಳಿದರು. ನನ್ನನ್ನೋ ಮನೆಯನ್ನೋ ತಿಳಿಯಲಿಲ್ಲ. "ಇಲ್ಲ" ಎಂದೆ. ಎರಡಕ್ಕೂ ಹೊಂದುತ್ತದೆ.

ಆಗಸ್ಟ್ ೪, ಗುರುವಾರ

ಆಚೆ ಬಾಗಿಲು ತೆಗೆಯಲಿಲ್ಲ. ಎಂಟಾಯಿತು, ಹತ್ತಾಯಿತು. ಮಳೆಯಲ್ಲಿ ನಿಂತು ನೋಡಿದೆ, ಹೊಗೆ ಇಲ್ಲ. ಬೋಣಿಗೆ ತಡವಾಗುತ್ತಿದೆ ಎಂದೇ ಮೊದಲು ಅನ್ನಿಸಿತು. ಅದು ನಿಜ, ಆದರೆ ಅದಕ್ಕೆ ಎದೆ ಹೊಡೆದುಕೊಳ್ಳಬೇಕಾಗಿರಲಿಲ್ಲ.

ಕಂದಕಕ್ಕೆ ಇಳಿದೆ. ಸೊಂಟದವರೆಗೆ ನೀರು. ಆಚೆ ದಡ ಹತ್ತುವಾಗ ಎರಡು ಸಲ ಜಾರಿದೆ. ಒಂಬತ್ತು ವರ್ಷದ ಮೇಲೆ ಅಣ್ಣನ ಬಾಗಿಲು ತಟ್ಟಿದವನ ಮೈಮೇಲೆ ಇದ್ದದ್ದು ಕೆಸರು ಮಾತ್ರ.

ವೀರಬಸಮ್ಮನವರು ಚಳಿಜ್ವರದಲ್ಲಿ ಮಲಗಿದ್ದರು. ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು. ಕಣ್ಣು ತೆರೆದು ನನ್ನನ್ನು ನೋಡಿ ಮೊದಲು ಹೇಳಿದ್ದು: "ಬೋಣಿ ಆಯ್ತಾ?"

"ಇಲ್ಲ," ಎಂದೆ.

ದಿಂಬಿನ ಕೆಳಗಿಂದ ಆ ಕಾಲಾಣೆ ತೆಗೆದುಕೊಟ್ಟರು. ಕೈ ಸುಡುತ್ತಿತ್ತು. ಬೆಂಕಿಪೆಟ್ಟಿಗೆ ನನ್ನ ಅಂಗಡಿಯಲ್ಲಿತ್ತು. ಮತ್ತೆ ಕಂದಕ ಇಳಿದು, ಹತ್ತಿ, ತಂದು ಕೊಟ್ಟೆ. ನಂತರ ಅವರ ಅಂಗಡಿಯ ಬಾಗಿಲು ತೆಗೆದು, ಅವರ ಗಲ್ಲಾದ ಮುಂದೆ ಕೂತು, ನನಗೇ ಒಂದು ಬೆಂಕಿಪೆಟ್ಟಿಗೆ ಮಾರಿದೆ. ಹೀಗೆ ಇಬ್ಬರ ಬೋಣಿಯೂ ಆಯಿತು.

ಗಂಜಿ ಮಾಡಿದೆ. ಉಪ್ಪು ಹೆಚ್ಚಾಯಿತಂತೆ. "ಈ ಗಂಜಿ ಕುಡ್ದು ನೀನು ಇಷ್ಟು ವರ್ಷ ಹೇಗೆ ಬದುಕಿದ್ದಿ ಮಾರಾಯ?" ಎಂದರು. ನನ್ನ ಗಂಜಿಯ ಬಗ್ಗೆ ಇನ್ನೊಬ್ಬರ ಅಭಿಪ್ರಾಯ ಕೇಳಿ ಬಹಳ ಕಾಲವಾಗಿತ್ತು. ಕ್ವಿನೈನು ತರಲು ಪೇಟೆಗೆ ನಡೆದೆ. ಬರುವಾಗ ಕತ್ತಲಾಗಿತ್ತು.

ಬೋಣಿ: ಮೇಲೆ ಬರೆದಿದೆ.

ಆಗಸ್ಟ್ ೯, ಮಂಗಳವಾರ

ಜ್ವರ ಬಿಟ್ಟಿದೆ. ಎರಡು ಅಡಿಕೆಮರ ಕಡಿಸಿ ಕಂದಕದ ಮೇಲೆ ಸಂಕ ಹಾಕಿದೆ. ಗಂಜಿ ಒಯ್ಯಲು ದೋಟಿ ಸರಿಹೋಗುವುದಿಲ್ಲ.

ಸೆಪ್ಟೆಂಬರ್ ೬, ಮಂಗಳವಾರ

ಶಾನುಭೋಗ ತ್ರ್ಯಂಬಕಯ್ಯ ಬಂದು ಒಂದು ಸುದ್ದಿ ಹೇಳಿದರು. ಬಸ್ಸಿನ ರಸ್ತೆಯ ಕೆಲಸದಿಂದ ವ್ಯಾಪಾರ ನಿಂತುಹೋದ ಅಂಗಡಿಗಳಿಗೆ ಪರಿಹಾರ ಕೊಡುತ್ತಾರಂತೆ. ಒಂದು ಅಂಗಡಿಗೆ ಮತ್ತೆ ಸರಕು ತುಂಬುವಷ್ಟು. ವಿಚಾರಣೆಗೆ ಕಚೇರಿಯ ಸಾಹೇಬರು ಇಲ್ಲಿಗೇ ಬರುತ್ತಾರಂತೆ.

"ಆದ್ರೆ ಒಂದು ಮಾತು ಶಿವಶಂಕರಪ್ಪ," ಎಂದರು. "ಕಡಿಮೆ ಆಯ್ತು ಅನ್ನೋರಿಗಿಲ್ಲ, ನಿಂತೇ ಹೋಯ್ತು ಅನ್ನೋರಿಗೆ ಮಾತ್ರ. ನಿಂತೇ ಹೋಯ್ತು ಸ್ವಾಮಿ ಅನ್ನಿ. ಮೂರೇ ಮಾತು. ಎಲ್ಲಿ, ಹೇಳಿ ನೋಡೋಣ."

ಹೇಳಿದೆ. ಇನ್ನೂ ಅಳುಮುಖ ಬೇಕು ಎಂದರು. ಅಳುಮುಖ ಮಾಡಿದೆ. ಆಚೆ ಹೋಗಿ ವೀರಬಸಮ್ಮನವರಿಗೂ ಇದನ್ನೇ ಕಲಿಸಿದರು.

ಸೋಮಶೇಖರಪ್ಪನಿಗೆ ಬರೆಯಬೇಕೆಂದಿದ್ದ ಕಾಗದವನ್ನು ಬರೆಯಲಿಲ್ಲ. ಪರಿಹಾರ ಬಂದರೆ ಅಂಗಡಿ ಉಳಿಯುತ್ತದೆ. ಉಳಿಯಲಿ ಎಂದು ನನಗೆ ಬಹಳ ಆಸೆ. ಇದನ್ನು ಬರೆದುಬಿಡುತ್ತೇನೆ, ಯಾರೂ ಓದುವುದಿಲ್ಲ.

ಬೋಣಿ: ವೀರಬಸಮ್ಮನವರು.

ಸೆಪ್ಟೆಂಬರ್ ೧೫, ಗುರುವಾರ

ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ, ಸಂಕ ದಾಟುವಾಗ ಕಣ್ಣು ಮುಚ್ಚಿಕೊಂಡಿದ್ದರು. ವೀರಬಸಮ್ಮನವರ ಜಗಲಿಯಲ್ಲಿ ಕುರ್ಚಿ ಹಾಕಿದೆವು. ತ್ರ್ಯಂಬಕಯ್ಯ ಹಿಂದೆ ನಿಂತರು.

"ರಸ್ತೆ ಅಗೆದ ಮೇಲೆ ನಿಮ್ಮ ವ್ಯಾಪಾರ ಏನಾಯಿತು?" ಎಂದು ನನ್ನನ್ನು ಕೇಳಿದರು.

"ನಿಂತೇ ಹೋಯ್ತು ಸ್ವಾಮಿ," ಎಂದೆ, ಅಳುಮುಖ ಸಹಿತ. ತ್ರ್ಯಂಬಕಯ್ಯ ತಲೆದೂಗಿದರು.

ಇಷ್ಟಕ್ಕೇ ಮುಗಿಯಬೇಕಾಗಿತ್ತು. ಸಾಹೇಬರು ಪೆನ್ನು ತೆಗೆದು ಬರೆಯುತ್ತ ಬರೆಯುತ್ತ, "ಎಂದರೆ ಬೋಣಿ ಕೂಡ ಆಗದ ದಿನಗಳು ಉಂಟು ಎಂದು ಬರೆದುಕೊಳ್ಳಲೆ?" ಎಂದರು.

ಬೋಣಿ ಎಂಬ ಮಾತು ಅವರ ಬಾಯಿಂದ ಬರಬಾರದಾಗಿತ್ತು.

"ಅದು ಹೇಗಾಗ್ತದೆ ಸ್ವಾಮಿ?" ಎಂದೆ. ದನಿ ಏರಿತ್ತು. "ಬೋಣಿ ಆಗದ ದಿನ ಅಂತ ನಮ್ಮಂಗಡೀಲಿ ಇಲ್ವೇ ಇಲ್ಲ. ನಮ್ಮಪ್ಪ ಬಾಗಿಲು ತೆಗೆದ ದಿನದಿಂದ ಇವತ್ತಿನ ತನಕ ಒಂದೇ ಒಂದು ದಿನ ಇಲ್ಲ. ಬೇಕಾದ್ರೆ ಲಿಂಗ ಮುಟ್ಟಿ ಹೇಳ್ತೀನಿ." ಮುಟ್ಟಿಯೂ ಹೇಳಿದೆ. ಎದೆ ಉಬ್ಬಿತ್ತು. ತ್ರ್ಯಂಬಕಯ್ಯ ಹಣೆ ಒತ್ತಿಕೊಂಡದ್ದನ್ನು ನೋಡಿದ ಮೇಲೆ ಇಳಿಯಿತು.

ಹೋಗಲಿ, ವೀರಬಸಮ್ಮನವರು ಜಾಣೆ, ಅವರಾದರೂ ಸರಿಯಾಗಿ ಹೇಳುತ್ತಾರೆ, ಅವರ ಅಂಗಡಿಯಾದರೂ ಉಳಿಯುತ್ತದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನನಗೇ ಆಶ್ಚರ್ಯ.

ಸಾಹೇಬರು ಅವರ ಕಡೆ ತಿರುಗಿದರು. ಅವರು ಸೆರಗು ಸರಿಮಾಡಿಕೊಂಡು, "ಅವರಲ್ಲಿ ದಿನಾ ಆಗ್ತದೆ, ನಮ್ಮಲ್ಲಿ ಆಗೂದಿಲ್ಲ ಅಂದ್ರೆ ಏನು ಮರ್ಯಾದೆ ಸ್ವಾಮಿ? ನಮ್ಮಲ್ಲೂ ಒಂದು ದಿನ ತಪ್ಪಿಲ್ಲ," ಎಂದರು.

"ರಸ್ತೆಯೇ ಇಲ್ಲ, ಕೊಳ್ಳುವವರು ಯಾರು?"

"ಇವನು," ಎಂದು ನನ್ನನ್ನು ತೋರಿಸಿದರು.

"ಇವರ ಅಂಗಡಿಯಲ್ಲಿ?"

"ನಾನು."

"ಏನನ್ನು ಕೊಳ್ಳುತ್ತೀರಿ?"

"ಬೆಂಕಿಪೆಟ್ಟಿಗೆ."

ಸಾಹೇಬರು ಅದನ್ನು ತರಿಸಿ ನೋಡಿದರು. ಚೀಟಿ ಪೂರಾ ಹೋಗಿತ್ತು. ಒಳಗೆ ಕಡ್ಡಿಗಳೆಲ್ಲ ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು. ಒಂದನ್ನು ಕಿತ್ತು ಗೀರಿದರು. ಹತ್ತಲಿಲ್ಲ.

"ಕಾಸು?"

ವೀರಬಸಮ್ಮನವರು ಸೆರಗಿನ ಗಂಟು ಬಿಚ್ಚಿ ಕಾಲಾಣೆ ತೋರಿಸಿದರು.

"ದಿನವೂ ಇದೇ ಕಾಸೇ?"

"ಹೌದು ಸ್ವಾಮಿ, ಬದಲಾಯ್ಸೋಕೆ ಬೇರೆ ಯಾರು ಬರ್ತಾರೆ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ನಕ್ಕರೆಂದು ಹೇಳಲಾರೆ. ಬಹಳ ಹೊತ್ತು ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರು ನಿಮಗೆ ಏನಾಗಬೇಕು?" ಎಂದರು.

"ನಮ್ಮ ಅತ್ತಿಗೆ," ಎಂದೆ.

ಅತ್ತಿಗೆ ನನ್ನ ಕಡೆ ನೋಡಿ ಮತ್ತೆ ಕಂದಕದ ಕಡೆ ನೋಡಿದರು.

ಸಾಹೇಬರು ಏನೇನೋ ಬರೆದುಕೊಂಡರು. ಬೆಂಕಿಪೆಟ್ಟಿಗೆಯನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು. ಸಾಕ್ಷ್ಯವಂತೆ. ತ್ರ್ಯಂಬಕಯ್ಯ ನಮ್ಮಿಬ್ಬರೊಂದಿಗೂ ಮಾತಾಡದೆ ಹೋದರು.

ಬೋಣಿ: ಅತ್ತಿಗೆ. ವಿಚಾರಣೆಗೆ ಮುಂಚೆಯೇ ಆಗಿತ್ತು.

ಸೆಪ್ಟೆಂಬರ್ ೧೬, ಶುಕ್ರವಾರ

ಪರಿಹಾರ ಹೋಯಿತು. ಸೋಮಶೇಖರಪ್ಪನಿಗೆ ಬರುತ್ತೇನೆಂದು ಬರೆದೆ. ಅಂಚೆಗೆ ಹಾಕಲು ಪೇಟೆಗೆ ಹೋಗಬೇಕು. ಮಳೆ ಇದೆ.

ಬೋಣಿ: ಅತ್ತಿಗೆ. ಹೊಸ ಬೆಂಕಿಪೆಟ್ಟಿಗೆ ತೆಗೆಯಬೇಕಾಯಿತು.

ಅಕ್ಟೋಬರ್ ೭, ಶುಕ್ರವಾರ

ಆಳುಗಳು ಮರಳಿದ್ದಾರೆ. ರಸ್ತೆಗೆ ಜಲ್ಲಿ ಬಿದ್ದಿದೆ. ಸುಬ್ಬಿ ಸಂಕವನ್ನು ನೋಡಿ, "ನನ್ ಹೊಟ್ಟೆ ಮೇಲೆ ಹೊಡುದ್ರಿ ಸಾವ್ಕಾರ್ರೆ. ನಂಗಿನ್ನ ಎಲೆಯಡಿಕೆ ಯಾರ್ ಕೊಡ್ತಾರೆ?" ಎಂದಳು.

ಆದೇಶ ಬಂತು. ತ್ರ್ಯಂಬಕಯ್ಯ ತಂದು ಓದಿದರು. ಒಂದೇ ಮನೆಯ ಇಬ್ಬರು ಒಂದೇ ಕಾಸನ್ನು ಒಬ್ಬರಿಂದೊಬ್ಬರಿಗೆ ದಾಟಿಸುವುದು ವ್ಯಾಪಾರವಲ್ಲವಂತೆ. ಆದ್ದರಿಂದ ವ್ಯಾಪಾರ ನಿಂತಿದೆ ಎಂದೇ ಸಾಹೇಬರು ಭಾವಿಸಿದ್ದಾರಂತೆ. ಆದರೆ ಎರಡನ್ನೂ ಒಂದೇ ಅಂಗಡಿಯೆಂದು ಎಣಿಸಿ, ಒಂದು ಅಂಗಡಿಯ ಪರಿಹಾರವನ್ನು ಇಬ್ಬರೂ ಒಟ್ಟಿಗೆ ಬಂದು ರುಜು ಹಾಕಿ ತೆಗೆದುಕೊಳ್ಳಬೇಕಂತೆ. ಜೊತೆಗೆ ಬೆಂಕಿಪೆಟ್ಟಿಗೆಯನ್ನೂ ವಾಪಸು ಕಳಿಸಿದ್ದರು.

"ಪಾಲು ಪತ್ರ ರಿಜಿಸ್ಟರ್ ಆಗಿದೆ. ಒಂದೇ ಅಂಗಡಿ ಅಂತ ಹೇಗೆ ಬರೆದ್ರು?" ಎಂದು ನಾನು ಕೇಳಿದೆ.

"ಎರಡು ಅಂತ ವಾದ ಮಾಡ್ತೀರಾ?" ಎಂದರು ತ್ರ್ಯಂಬಕಯ್ಯ. "ಮಾಡಿ. ನಾನು ಮನೆಗೆ ಹೋಗ್ತೀನಿ."

ಒಂದಕ್ಕೆ ಸಾಕಾಗುವುದನ್ನು ಇಬ್ಬರು ಹಂಚಿಕೊಂಡರೆ ಎರಡೂ ಮುಚ್ಚುತ್ತವೆ. ನನ್ನದು ಮುಚ್ಚುವುದು ನ್ಯಾಯ, ಜಗಲಿಯೇ ಇಲ್ಲ. ರುಜು ಹಾಕಿ ಪೂರ್ತಿ ಅವರಿಗೇ ಬಿಟ್ಟು ತರೀಕೆರೆಗೆ ಹೋಗುವುದೆಂದು ನಿಶ್ಚಯಿಸಿದೆ.

ಬೋಣಿ: ಅತ್ತಿಗೆ.

ಅಕ್ಟೋಬರ್ ೧೧, ಮಂಗಳವಾರ

ಇಬ್ಬರೂ ಒಂದೇ ಗಾಡಿಯಲ್ಲಿ ನರಸಿಂಹರಾಜಪುರಕ್ಕೆ ಹೋಗಿ ರುಜು ಹಾಕಿದೆವು. ಬರುವಾಗ ನನ್ನ ನಿಶ್ಚಯವನ್ನು ಹೇಳಿದೆ.

ಅತ್ತಿಗೆ, "ಅಲ್ಲಿ ನಿಂಗೆ ಬೋಣಿ ಯಾರು ಮಾಡ್ತಾರೆ?" ಎಂದರು.

"ಮಂಡಿಯಲ್ಲಿ ಗುಮಾಸ್ತನಿಗೆ ಬೋಣಿ ಇಲ್ಲ, ಸಂಬಳ," ಎಂದೆ.

"ಹಂಗಾದ್ರೆ ಹೊತ್ತಿಗೆ ಸರಿಯಾಗಿ ಉಣ್ತಿ ಅನ್ನು." ಸ್ವಲ್ಪ ದೂರ ಹೋದ ಮೇಲೆ, "ಮಾವನೋರ ಕಲ್ಲು ನನ್ನ ಹತ್ರ ಅದಾವೆ. ನೀನು ತಕ್ಕಡಿ ತಗಂಡು ಬಾ. ಹೊಸದಾಗಿ ಕೊಂಡ ಎರಡನ್ನೂ ಮಾರಿಬಿಡೋಣ," ಎಂದರು.

ಅತ್ತಿಗೆಯ ಮಾತಿಗೆ ಎದುರಾಡುವುದು ನಮ್ಮ ಮನೆಯ ಪದ್ಧತಿಯಲ್ಲ. ಸೋಮಶೇಖರಪ್ಪನಿಗೆ ಬರೆದ ಕಾಗದ ಇನ್ನೂ ಜೇಬಿನಲ್ಲೇ ಇತ್ತು. ಮೂರು ವಾರದಲ್ಲಿ ಮೂರು ಸಲ ಪೇಟೆಗೆ ಹೋಗಿದ್ದರೂ ಹಾಕುವುದು ಮರೆತಿದ್ದೆ. ವಯಸ್ಸಾಯಿತು.

ಬೋಣಿ: ಅತ್ತಿಗೆ, ಗಾಡಿ ಹತ್ತುವ ಮುಂಚೆ.

ಅಕ್ಟೋಬರ್ ೨೪, ಸೋಮವಾರ, ಬಲಿಪಾಡ್ಯಮಿ

ಇಂದು ಅಂಗಡಿ ಪೂಜೆ. ಅಣ್ಣನ ಅಂಗಡಿಯಲ್ಲಿ ಅಪ್ಪನ ತಕ್ಕಡಿಯನ್ನು ತೂಗುಹಾಕಿ ಅಪ್ಪನ ಕಲ್ಲುಗಳನ್ನಿಟ್ಟು ಪೂಜೆ ಮಾಡಿದೆವು. ಸುತ್ತಿಗೆ ಏಟಿನ ಕಾಲಾಣೆಯನ್ನು ಅತ್ತಿಗೆ ಗಲ್ಲಾದ ತಳಕ್ಕೆ ಹಾಕಿದರು. ಹೊಸ ಸರಕು ತುಂಬಿದೆ. ಜಗಲಿಯಿಂದ ಹೊಸ ರಸ್ತೆಗೆ ಮೆಟ್ಟಿಲು ಕಡಿಸಿದ್ದೇವೆ. ಸಂಕ ತೆಗೆದಾಯಿತು.

ಬಸ್ಸು ಇಂದಿನಿಂದ. ಒಂಬತ್ತು ಗಂಟೆಗೆ ಬಂತು, ಹಾರ ಹಾಕಿಕೊಂಡು, ಹಾರ್ನು ಬಾರಿಸಿಕೊಂಡು. ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದೆವು. ಏರು ಇಲ್ಲದ್ದರಿಂದ ಬಸ್ಸಿಗೆ ನಿಧಾನ ಮಾಡುವ ಕಾರಣ ಏನೂ ಇರಲಿಲ್ಲ. ನಿಲ್ಲದೆ ಹೋಯಿತು. ಕೆಂಪು ಧೂಳು ಪೂಜೆಯ ಹೂವಿನ ಮೇಲೆ ಕೂತಿತು.

ಸೋಮವಾರ, ಜೊತೆಗೆ ಹಬ್ಬ. ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಕಟ್ಟಿರುತ್ತಾರೆ, ಗಾಡಿಗಳಿಲ್ಲ. ಹನ್ನೆರಡಾಯಿತು, ಒಂದಾಯಿತು. ಒಳಗೆ ಅತ್ತಿಗೆ ಹೋಳಿಗೆ ಮಾಡಿಟ್ಟಿದ್ದರು. ವಾಸನೆ ಬರುತ್ತಿತ್ತು. ಇಬ್ಬರಿಗೂ ಒಂದೇ ಸಲ ಹೊಳೆಯಿತು: ಈಗ ಒಂದೇ ಅಂಗಡಿ. ಬೋಣಿ ಮಾಡಲು ಆಚೆ ಯಾರೂ ಇಲ್ಲ. ಎದುರಿಗೆ ನನ್ನ ಮುಚ್ಚಿದ ಬಾಗಿಲು ಇತ್ತು. ಇಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ನಿಜವಾಗಿ ಹೆದರಿಕೆಯಾಯಿತು.

ಮೂರು ಗಂಟೆಗೆ ಸುಬ್ಬಿ ಮೆಟ್ಟಿಲು ಹತ್ತಿ ಬಂದಳು. ರಸ್ತೆಯ ಕೆಲಸ ಮುಗಿದಿದೆ, ಆಳುಗಳ ಗುಡಿಸಲು ಮಾತ್ರ ಇನ್ನೂ ಕಿತ್ತಿಲ್ಲ.

"ಸಾವ್ಕಾರ್ರೆ, ಒಲೆ ಕೆಟ್ಟೋಗೈತೆ. ಒಂದು ಬೆಂಕಿಪೆಟ್ಟಿಗೆ ಕೊಡಿ. ಕಾಸಿಲ್ಲ, ಬಟವಾಡೆ ಆದ್ಮೇಲೆ ಕೊಡ್ತೀನಿ."

ಕೊಟ್ಟೆ. ಹಬ್ಬದ ದಿನ ಒಲೆ ಹೊತ್ತದಿದ್ದರೆ ಹೇಗೆ? ಹೊಸದನ್ನೇ ಕೊಟ್ಟೆ, ಹತ್ತುವಂಥದ್ದನ್ನು.

ತಿರುಗಿದಾಗ ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಕಣ್ಣು ಒದ್ದೆಯಾಗಿತ್ತು. ಒಲೆಯ ಹೊಗೆ ಇರಬೇಕು. ಒಳಗೆ ಹೋಗಿ ಎರಡು ಎಲೆ ಹಾಕಿದರು.

"ಅತ್ತಿಗೆ, ಬೋಣಿ ಆಗಿಲ್ಲ," ಎಂದೆ.

"ಗೊತ್ತು. ಕೈ ತೊಳ್ಕೊಂಡು ಬಾ."

ಕೂತೆ. ಎರಡನೆಯ ಹೋಳಿಗೆಗೆ ತುಪ್ಪ ಬೀಳುವಾಗ ಹೊರಗೆ ಹಾರ್ನು ಕೇಳಿಸಿತು. ಬಸ್ಸು ಶೃಂಗೇರಿಯ ಕಡೆಗೆ ಮರಳುತ್ತಿತ್ತು. ಎಂಜಿನ್ನು ಕಾದು, ನೀರು ಬೇಕೆಂದು ನಿಂತಿತ್ತು. "ಅಂಗಡಿಯವ್ರೇ!" ಎಂದು ಯಾರೋ ಕೂಗಿದರು. ಏಳಹೋದೆ.

"ಎಲೆ ಮುಂದಿಂದ ಏಳ್ಬಾರ್ದು," ಎಂದರು ಅತ್ತಿಗೆ. "ಬಾವಿ ಅಲ್ಲೇ ಇದೆ, ಸೇದ್ಕೊಳ್ಳಲಿ. ಉಂಡು ಏಳು."

ಉಂಡೆ. ಬಸ್ಸು ಕಾಯಿತು. ಹೊರಗೆ ಬಂದಾಗ ಮೆಟ್ಟಿಲ ತುಂಬ ಜನ, ಯಾರಿಗೋ ಅವಲಕ್ಕಿ, ಯಾರಿಗೋ ಬೀಡಿ, ಒಬ್ಬರಿಗೆ ತಲೆನೋವಿಗೆ ಶುಂಠಿ. ಅತ್ತಿಗೆ ತೂಗಿದರು, ನಾನು ಕಟ್ಟಿ ಕೊಟ್ಟೆ. ಡ್ರೈವರು ಇನ್ನು ದಿನಾ ಇಲ್ಲೇ ನೀರು ಹಿಡಿಯುತ್ತೇನೆ ಎಂದ. ಹೋಳಿಗೆ ಚೆನ್ನಾಗಿತ್ತು. ಅಣ್ಣನ ಮನೆಯಲ್ಲಿ ಉಂಡು ಒಂಬತ್ತು ವರ್ಷವಾಗಿತ್ತು.

ಬೋಣಿ: ಯಾರದೆಂದು ನೋಡಲಿಲ್ಲ.